ಕರಗಿದ ಕಬ್ಬಿಣಕ್ಕೆ ಟಿಕೆಟ್ಟು ಇಟ್ಟರೆ ತಪ್ಪೇನು?

ಶ್ರಮವನ್ನು ಪ್ರದರ್ಶನಕ್ಕಿಡಬಾರದು ಎನ್ನುವ ಮಾತನ್ನು ಪಿಎಚ್.ಡಿ.ಗೆ ಸೇರಿದ ಮೇಲೆ ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಟ್ಟಿಲ್ಲ. ಸೆಮಿನಾರುಗಳಲ್ಲಿ ಕೇಳಿದ್ದೇನೆ, ಕಾಫಿ ಕುಡಿಯುವಾಗ ಕೇಳಿದ್ದೇನೆ, ಸಹಸಂಶೋಧಕರ ಪ್ರಬಂಧಗಳ ಕೊನೆಯ ಪ್ಯಾರಾದಲ್ಲಿ ಓದಿದ್ದೇನೆ. ಆ ಮಾತು ಎಷ್ಟು ನಯವಾಗಿ ಹೊರಬರುತ್ತದೆಂದರೆ, ಎದುರು ಮಾತಾಡಿದವರು ಕಾರ್ಮಿಕ ವಿರೋಧಿಗಳಂತೆ ಕಾಣಿಸಿಬಿಡುತ್ತಾರೆ. ನನಗೆ ಎದುರು ಮಾತಾಡುವುದಿದೆ. ಕಾರ್ಮಿಕರ ಇತಿಹಾಸವನ್ನೇ ಓದುತ್ತಿರುವವಳಾಗಿ ಮಾತಾಡುವುದಿದೆ.

ತಕರಾರಿನ ಮೂಲ ಇದು. ಅಮೆರಿಕದ ರೋಡ್ ಐಲೆಂಡ್ ರಾಜ್ಯದ ಪ್ರಾವಿಡೆನ್ಸ್ ನಗರದಲ್ಲಿ ಸ್ಟೀಲ್ ಯಾರ್ಡ್ ಎಂಬ ಜಾಗವಿದೆ. ವೆಲ್ಡಿಂಗ್, ಕಮ್ಮಾರಿಕೆ, ಎರಕ, ಕುಂಬಾರಿಕೆ, ಆಭರಣ ಕೆಲಸ, ಇವನ್ನೆಲ್ಲ ಯಾರು ಬೇಕಾದರೂ ಬಂದು ಕಲಿಯಬಹುದಾದ ಸಮುದಾಯ ಕಾರ್ಯಾಗಾರ. ಪ್ರತಿ ಅಕ್ಟೋಬರ್ ಕೊನೆಯ ಹೊತ್ತಿಗೆ, ದೆವ್ವ ಭೂತಗಳ ವೇಷ ಹಾಕುವ ಹ್ಯಾಲೋವೀನ್ ಹಬ್ಬದ ನೆಪದಲ್ಲಿ, ಅಲ್ಲೊಂದು ಕಬ್ಬಿಣ ಎರಕದ ಸಂಜೆ ನಡೆಯುತ್ತದೆ. ಟಿಕೆಟ್ಟು ಕೊಂಡು ಜನ ಬರುತ್ತಾರೆ. ಸಂಗೀತವಿರುತ್ತದೆ, ವೇಷಗಳಿರುತ್ತವೆ, ತಿಂಡಿಯ ಗಾಡಿಗಳಿರುತ್ತವೆ. ಕತ್ತಲಾದ ಮೇಲೆ ಎಲ್ಲರ ಕಣ್ಣೆದುರು ಕಬ್ಬಿಣ ಕರಗಿಸಿ ಹೊಯ್ಯುತ್ತಾರೆ.

ನನ್ನ ಗೆಳೆಯರ ಆಕ್ಷೇಪಣೆ ಸರಳ. ಒಂದು ಕಾಲದಲ್ಲಿ ಜನ ಸಂಬಳ ಪಡೆದು ಕಬ್ಬಿಣದ ಕೆಲಸ ಮಾಡುತ್ತಿದ್ದ ಜಾಗದಲ್ಲಿ ಈಗ ಜನ ದುಡ್ಡು ಕೊಟ್ಟು ಕಬ್ಬಿಣ ಕರಗುವುದನ್ನು ನೋಡುತ್ತಾರೆ. ದುಡಿಮೆ ಹೋಯಿತು, ದುಡಿಮೆಯ ಜಾತ್ರೆ ಬಂತು. ಕಾರ್ಖಾನೆಯ ಹೆಣದ ಮೇಲೆ ಮಧ್ಯಮವರ್ಗದವರು ಕುಣಿಯುತ್ತಿದ್ದಾರೆ. ಇಷ್ಟನ್ನು ಹೇಳಿ ಮುಗಿಸಿದರೆ ಒಂದು ಲೇಖನವಾಗುತ್ತದೆ, ಚಪ್ಪಾಳೆಯೂ ಸಿಗುತ್ತದೆ. ಇದರಲ್ಲಿ ಸುಳ್ಳಿಲ್ಲ. ಆದರೆ ಅರ್ಧಕ್ಕೇ ನಿಂತ ಸತ್ಯವಿದೆ, ಆ ಇನ್ನರ್ಧದ ಕಡೆ ತಿರುಗಿ ನೋಡುವ ತೊಂದರೆಯನ್ನು ಯಾರೂ ತೆಗೆದುಕೊಳ್ಳುತ್ತಿಲ್ಲ.

ಮೊದಲು ಊರಿನ ವಿಷಯ ಹೇಳಬೇಕು. ಪ್ರಾವಿಡೆನ್ಸ್ ಲೋಹದ ಊರು. 1876ರಲ್ಲಿ ಫಿಲಡೆಲ್ಫಿಯಾದ ಶತಮಾನೋತ್ಸವದ ವಸ್ತುಪ್ರದರ್ಶನಕ್ಕೆ ಶಕ್ತಿ ಒದಗಿಸಿದ ಭಾರೀ ಉಗಿಯಂತ್ರವನ್ನು ಮಾಡಿದ್ದು ಈ ಊರಿನ ಜಾರ್ಜ್ ಕಾರ್ಲಿಸ್. ಗೋರ್ಹಮ್ ಬೆಳ್ಳಿ ಸಾಮಾನು, ನಿಕಲ್ಸನ್ ಅರಗಳು, ಬ್ರೌನ್ ಅಂಡ್ ಶಾರ್ಪ್‌ನವರ ಅಳತೆ ಸಾಧನಗಳು, ಅಗ್ಗದ ಆಭರಣಗಳು, ಎಲ್ಲ ಇಲ್ಲಿಂದಲೇ ಹೊರಟವು. ಇಪ್ಪತ್ತನೇ ಶತಮಾನದಲ್ಲಿ ಒಂದೊಂದೇ ಹೋದವು. ಕೆಲವು ದಕ್ಷಿಣದ ರಾಜ್ಯಗಳಿಗೆ, ಕೆಲವು ದೇಶದಾಚೆಗೆ, ಕೆಲವು ಎಲ್ಲಿಗೂ ಇಲ್ಲ. ಬ್ರೌನ್ ಅಂಡ್ ಶಾರ್ಪ್ 1964ರಲ್ಲಿಯೇ ನಗರ ಬಿಟ್ಟು ಹೊರಗೆ ಹೋಯಿತು. 1981ರಲ್ಲಿ ಅಲ್ಲಿನ ಕಾರ್ಮಿಕರು ಹೂಡಿದ ಮುಷ್ಕರವನ್ನು ಅಮೆರಿಕದ ಅತಿ ದೀರ್ಘ ಮುಷ್ಕರಗಳ ಸಾಲಿನಲ್ಲಿ ಹೆಸರಿಸುತ್ತಾರೆ. ಆ ಕಂಪನಿ ನಗರದೊಳಗೆ ಬಿಟ್ಟುಹೋದ ಹಳೆಯ ಇಟ್ಟಿಗೆ ಕಟ್ಟಡಗಳು ಈಗ ಕಚೇರಿಗಳೂ ಅಪಾರ್ಟ್‌ಮೆಂಟುಗಳೂ ಆಗಿವೆ. ಆ ಸಮುಚ್ಚಯದ ಹೆಸರು ‘ದಿ ಫೌಂಡ್ರಿ’. ಹೆಸರು ಉಳಿದಿದೆ, ಒಲೆ ಇಲ್ಲ. ಅಲ್ಲಿ ವಾಸಿಸುವವರ ಮೇಲೆ ನನಗೆ ಕೋಪವಿಲ್ಲ. ಆದರೆ ಶ್ರಮದ ಅವಮಾನ ಎಂಬ ಮಾತನ್ನು ಎಲ್ಲಾದರೂ ಬಳಸಬೇಕೆಂದರೆ, ಬೆಂಕಿ ಹೊತ್ತಿಸುವ ಜಾಗಕ್ಕಿಂತ ಮೊದಲು ಬೆಂಕಿಯ ಹೆಸರನ್ನಷ್ಟೇ ಬೋರ್ಡಿಗೆ ಹಾಕಿಕೊಂಡ ಜಾಗಗಳಿಗೆ ಬಳಸಬೇಕಲ್ಲವೇ? ಅದರ ಬಗ್ಗೆ ನಮ್ಮ ಸೆಮಿನಾರುಗಳಲ್ಲಿ ಇಷ್ಟು ಸಿಟ್ಟು ಕಾಣುವುದಿಲ್ಲ. ಅಪಾರ್ಟ್‌ಮೆಂಟು ಗದ್ದಲ ಮಾಡುವುದಿಲ್ಲ, ಅದಕ್ಕೆ ಇರಬೇಕು.

ಸ್ಟೀಲ್ ಯಾರ್ಡ್ ಇರುವುದು ಪ್ರಾವಿಡೆನ್ಸ್ ಸ್ಟೀಲ್ ಅಂಡ್ ಐರನ್ ಎಂಬ ಹಳೆಯ ಕಂಪನಿಯ ಅಂಗಳದಲ್ಲಿ. ಸುಮಾರು ನೂರು ವರ್ಷ ಕಟ್ಟಡಗಳಿಗೆ ಬೇಕಾದ ಉಕ್ಕಿನ ತೊಲೆ, ಕಂಬ, ಕಬ್ಬಿಣದ ಅಲಂಕಾರದ ಕೆಲಸ ಮಾಡಿಕೊಟ್ಟ ಕಂಪನಿ ಅದು. ಈ ಶತಮಾನದ ಆರಂಭದಲ್ಲಿ ಅದು ಬಾಗಿಲು ಹಾಕಿದಾಗ ಉಳಿದದ್ದು ಮೂರೂವರೆ ಎಕರೆಯಷ್ಟು ಜಾಗ, ತಲೆಯ ಮೇಲೆ ಹಾದುಹೋಗುವ ಭಾರೀ ಕ್ರೇನುಗಳು, ದಶಕಗಳ ಬಣ್ಣದಿಂದ ಸೀಸ ಇಳಿದು ವಿಷವಾದ ಮಣ್ಣು. ಮುಚ್ಚಿಸಿದ್ದು ಕಲಾವಿದರಲ್ಲ. ಅವರು ಬರುವ ಹೊತ್ತಿಗೆ ಅದು ಮುಚ್ಚಿತ್ತು. ಅವರ ಎದುರು ಇದ್ದ ಆಯ್ಕೆ ಏನೆಂದು ತಿಳಿಯಲು ದೂರ ಹೋಗಬೇಕಾಗಿಲ್ಲ. ಅದೇ ನಗರದ ಓಲ್ನಿವಿಲ್ ಭಾಗದ ಹಳೆಯ ಗಿರಣಿಯೊಂದರಲ್ಲಿ 1995ರಿಂದ ಫೋರ್ಟ್ ಥಂಡರ್ ಎಂಬ ಹೆಸರಿನಲ್ಲಿ ಯುವ ಕಲಾವಿದರು, ಸಂಗೀತಗಾರರು, ಕಾಮಿಕ್ಸ್ ಬರೆಯುವವರು ಇದ್ದರು. 2001ರಲ್ಲಿ ಅವರನ್ನು ಹೊರಗೆ ಕಳಿಸಿದರು. ಗಿರಣಿಯನ್ನು ಕೆಡವಿ ಅಂಗಡಿಗಳ ಸಾಲನ್ನೂ ಕಾರು ನಿಲ್ಲಿಸುವ ಬಯಲನ್ನೂ ಮಾಡಿದರು. ಹಳೆಯ ಕಾರ್ಖಾನೆಯ ಭವಿಷ್ಯ ಸಾಮಾನ್ಯವಾಗಿ ಹೀಗಿರುತ್ತದೆ. ಕಾರ್ಮಿಕರು ವಾಪಸು ಬರುವುದು ಅಥವಾ ಕಲಾವಿದರು ಬರುವುದು ಎಂಬ ಎರಡು ದಾರಿಗಳ ನಡುವೆ ಯಾರೂ ಆರಿಸಲಿಲ್ಲ. ಒಂದು ಕಡೆ ಸೂಪರ್ ಮಾರ್ಕೆಟ್ಟಿನ ಪಾರ್ಕಿಂಗ್ ಇತ್ತು, ಇನ್ನೊಂದು ಕಡೆ ಕುಲುಮೆ ಇತ್ತು.

ಸ್ಟೀಲ್ ಯಾರ್ಡಿನವರು ಕುಲುಮೆ ಆರಿಸಿಕೊಂಡರು. ವಿಷದ ಮಣ್ಣಿನ ಮೇಲೆ ಹೊದಿಕೆ ಹಾಕಿ ಸುರಕ್ಷಿತ ಮಾಡಿದರು. ಮಳೆನೀರು ಮೋರಿಗೆ ಹರಿಯದೆ ಅಲ್ಲಿಯೇ ಇಂಗುವಂತೆ ನೆಲ ರೂಪಿಸಿದರು. ಕ್ರೇನುಗಳನ್ನು ಕಿತ್ತು ಗುಜರಿಗೆ ಹಾಕಲಿಲ್ಲ. ನಗರಗಳ ಒಳ್ಳೆಯ ಜಾಗಗಳಿಗೆ ಕೊಡುವ ರೂಡಿ ಬ್ರೂನರ್ ಪ್ರಶಸ್ತಿಯ ಬೆಳ್ಳಿ ಪದಕ 2013ರಲ್ಲಿ ಇದಕ್ಕೆ ಬಂತು. ಪ್ರಶಸ್ತಿಗಿಂತ ನನಗೆ ಮುಖ್ಯವೆನಿಸುವುದು ಇನ್ನೊಂದು. ನಗರದ ರಸ್ತೆಗಳಲ್ಲಿರುವ ಸೈಕಲ್ ನಿಲ್ಲಿಸುವ ಕಂಬಿಗಳು, ಕಸದ ಡಬ್ಬಗಳು, ಬೇಲಿಗಳು, ಇಂಥವನ್ನು ಆರ್ಡರ್ ತೆಗೆದುಕೊಂಡು, ಸ್ಥಳೀಯ ಲೋಹ ಕೆಲಸಗಾರರಿಗೆ ದುಡ್ಡು ಕೊಟ್ಟು ಅಲ್ಲಿ ಮಾಡಿಸುತ್ತಾರೆ. ವೆಲ್ಡಿಂಗ್ ಕಲಿತು ಉದ್ಯೋಗಕ್ಕೆ ಹೋಗಬೇಕೆನ್ನುವವರಿಗೆ ತರಬೇತಿ ಇದೆ. ಹ್ಯಾಲೋವೀನ್ ಸಂಜೆ ವರ್ಷದಲ್ಲಿ ಒಂದು. ಉಳಿದ ದಿನಗಳು ಇವು. ಸಂಜೆಯನ್ನು ಮಾತ್ರ ನೋಡಿ ತೀರ್ಪು ಕೊಡುವವರು ಮದುವೆ ಊಟ ನೋಡಿ ಸಂಸಾರದ ಬಗ್ಗೆ ಮಾತಾಡುವವರ ಹಾಗೆ.

ಇನ್ನು ಆ ಸಂಜೆ ನಡೆಯುವುದೇನು? ಕ್ಯುಪೋಲಾ ಎಂದರೆ ನಿಂತ ಕೊಳವೆಯಂಥ ಒಲೆ. ಒಳಗೆ ಶಾಖ ತಡೆಯುವ ಇಟ್ಟಿಗೆಯ ಪದರ. ತಳದಲ್ಲಿ ಕೋಕ್ ಉರಿಯುತ್ತಿರುತ್ತದೆ, ಕೆಳಗಿನ ತೂತುಗಳಿಂದ ಗಾಳಿ ಊದುತ್ತಾರೆ. ಮೇಲಿನಿಂದ ಒಂದು ಪದರ ಕೋಕ್, ಒಂದು ಪದರ ಒಡೆದ ಕಬ್ಬಿಣ, ನಡುವೆ ಸ್ವಲ್ಪ ಸುಣ್ಣಕಲ್ಲು. ಕಬ್ಬಿಣ ಎಲ್ಲಿಂದ ಅಂದರೆ ಹಳೆಯ ಮನೆಗಳ ರೇಡಿಯೇಟರುಗಳು, ಸ್ನಾನದ ತೊಟ್ಟಿಗಳು, ಸಮ್ಮಟಿಗೆಯಲ್ಲಿ ಅಂಗೈಯಗಲಕ್ಕೆ ಒಡೆದದ್ದು. ಬೀಡು ಕಬ್ಬಿಣ ಸುಮಾರು 1,200 ಡಿಗ್ರಿ ಸೆಲ್ಸಿಯಸ್ ಹತ್ತಿರ ಕರಗುತ್ತದೆ, ಹೊಯ್ಯುವಾಗ ಅದಕ್ಕಿಂತ ಬಿಸಿ ಇರಬೇಕು, ಇಲ್ಲದಿದ್ದರೆ ಅಚ್ಚಿನ ಮೂಲೆ ತಲುಪುವ ಮೊದಲೇ ಗಟ್ಟಿಯಾಗುತ್ತದೆ. ಕಲ್ಮಷವನ್ನೆಲ್ಲ ಸುಣ್ಣಕಲ್ಲು ಎಳೆದುಕೊಂಡು ಕಿಟ್ಟವಾಗಿ ಮೇಲೆ ತೇಲುತ್ತದೆ. ಒಲೆಯ ಬಾಯಿಗೆ ಮಣ್ಣಿನ ಬಿರಡೆ. ಸಮಯ ನೋಡಿ ಸಲಾಕೆಯಿಂದ ಅದನ್ನು ಚುಚ್ಚಿ ತೆಗೆದರೆ ಕಬ್ಬಿಣ ಹರಿಯುತ್ತದೆ. ಇಬ್ಬರು ಹಿಡಿದ ಲ್ಯಾಡಲ್ಲಿಗೆ ತುಂಬಿಕೊಂಡು, ಒಬ್ಬರ ಹೆಜ್ಜೆಗೆ ಇನ್ನೊಬ್ಬರ ಹೆಜ್ಜೆ ಕೂಡಿಸಿ ನಡೆದು, ಮರಳಿನ ಅಚ್ಚಿಗೆ ಹೊಯ್ಯುತ್ತಾರೆ.

ಇಲ್ಲಿ ಒಂದು ಸಣ್ಣ ಸಂಗತಿ. ಅಚ್ಚಿನಲ್ಲಿ ತೇವ ಉಳಿದಿದ್ದರೆ ನೀರು ಕ್ಷಣದಲ್ಲಿ ಆವಿಯಾಗುತ್ತದೆ. ನೀರು ಆವಿಯಾದರೆ ಸುಮಾರು 1,700 ಪಟ್ಟು ಹಿಗ್ಗುತ್ತದೆ. ಹಿಗ್ಗಲು ಜಾಗವಿಲ್ಲದಾಗ ಕರಗಿದ ಕಬ್ಬಿಣವನ್ನು ಮೇಲಕ್ಕೆ ಎರಚುತ್ತದೆ. ಬರೀ ಕಾಂಕ್ರೀಟಿನ ಮೇಲೆ ಚೆಲ್ಲಿದರೂ ಅಪಾಯವೇ, ಕಾಂಕ್ರೀಟಿನೊಳಗಿನ ತೇವಕ್ಕೆ ಅದು ಸಿಡಿಯುತ್ತದೆ, ಅದಕ್ಕೇ ನೆಲಕ್ಕೆ ಒಣಮರಳು ಹಾಸುತ್ತಾರೆ. ಇದನ್ನು ನಾನು ಯಾವ ಪುಸ್ತಕದ ಕಾರ್ಮಿಕ ಸಿದ್ಧಾಂತದಲ್ಲಿಯೂ ಓದಿರಲಿಲ್ಲ. ಬೇಲಿಯಾಚೆ ನಿಂತ ನಮಗೆ, ಒಲೆ ಕಾಯುವವರೆಗೆ, ಚರ್ಮದ ಏಪ್ರನ್ ತೊಟ್ಟ ಒಬ್ಬಾಕೆ ವಿವರಿಸಿದಳು. ಲ್ಯಾಡಲ್ಲಿನ ಒಂದು ತುದಿಯನ್ನು ಹಿಡಿದಿದ್ದೂ ಅವಳೇ. ಶ್ರಮವನ್ನು ತಮಾಷೆ ಮಾಡಲಾಗುತ್ತಿದೆ ಎಂದು ಹೇಳುವ ಜಾಗದಲ್ಲಿ, ಶ್ರಮದಲ್ಲಿ ಎಷ್ಟು ತಿಳಿವಳಿಕೆ ಇದೆ ಎಂಬುದನ್ನು ನೂರಾರು ಜನ ಕಣ್ಣಾರೆ ಕಂಡರು. ಕುಶಲತೆ ಇಲ್ಲದ ಕೆಲಸ ಎಂದು ಸರ್ಕಾರಿ ಕಾಗದಗಳು ಯಾವುದನ್ನು ಕರೆಯುತ್ತವೋ ಅದರ ಒಳಗೆ ಏನೇನಿದೆ ಎಂದು ಕಂಡರು. ಇದು ಅವಮಾನವೋ ಗೌರವವೋ?

ಆ ಸಂಜೆಯ ವಿಡಿಯೊವನ್ನು ನಾನು ಊರಿನಲ್ಲಿರುವ ನನ್ನ ಸೋದರಮಾವನಿಗೆ ಕಳಿಸಿದ್ದೆ. ಮಾವ ಮೂವತ್ತು ವರ್ಷ ಫೌಂಡ್ರಿಯಲ್ಲಿ ಮೋಲ್ಡರ್ ಆಗಿದ್ದವರು. ಅವರ ಕೆಲಸದ ಬಗ್ಗೆ ನಮಗೆ ಮನೆಯಲ್ಲಿ ಗೊತ್ತಿದ್ದುದು ಎರಡೇ: ಅಂಗಿಯ ತುಂಬ ಸಾಸಿವೆಯಷ್ಟು ತೂತುಗಳಿರುತ್ತಿದ್ದವು, ಮತ್ತು ಅವರು ಸದ್ದಿಲ್ಲದೆ ಊಟ ಮಾಡಿ ಮಲಗುತ್ತಿದ್ದರು. ವಿಡಿಯೊ ನೋಡಿ ಅವರೇ ಫೋನ್ ಮಾಡಿದರು. “ಅಲ್ಲ ಕಣೇ, ಆ ಹುಡುಗ ಕಿಟ್ಟ ಸರಿಯಾಗಿ ತೆಗೀಲೇ ಇಲ್ಲ, ಹೊಯ್ದೇಬಿಟ್ಟ. ಒಳಗೆಲ್ಲ ತೂತು ಬಂದಿರತ್ತೆ ನೋಡು” ಎಂದರು. ಆಮೇಲೆ ಮುಕ್ಕಾಲು ಗಂಟೆ ಮಾತಾಡಿದರು. ಮರಳಿಗೆ ಎಷ್ಟು ನೀರು, ಮುಷ್ಟಿಯಲ್ಲಿ ಹಿಡಿದು ಬಿಟ್ಟರೆ ಹೇಗೆ ನಿಲ್ಲಬೇಕು, ಬಣ್ಣ ನೋಡಿ ಬಿಸಿ ಹೇಗೆ ಹೇಳುವುದು. ಇಪ್ಪತ್ತೆಂಟು ವರ್ಷದಲ್ಲಿ ಅವರ ಬಾಯಿಂದ ನಾನು ಇದನ್ನು ಕೇಳಿರಲಿಲ್ಲ. ಯಾರೂ ಕೇಳಿರಲಿಲ್ಲವಾದ್ದರಿಂದ ಅವರು ಹೇಳಿರಲಿಲ್ಲ. ನಮ್ಮ ಸೆಮಿನಾರಿನ ವಾದದ ಪ್ರಕಾರ ಮಾವನಿಗೆ ಆ ವಿಡಿಯೊ ನೋವು ಕೊಡಬೇಕಿತ್ತು. ಅವರಿಗೆ ತಪ್ಪು ಹುಡುಕುವ ಸಡಗರವಿತ್ತು. ತನ್ನ ಕೆಲಸದಲ್ಲಿ ತಪ್ಪು ಸರಿ ಇದೆ ಎಂದು ತಿಳಿದವನಿಗೆ ಮಾತ್ರ ಇರುವ ಸಡಗರ ಅದು.

ಇಷ್ಟು ಹೇಳಿದ ಮೇಲೆ ಇಂಥ ಸಂಜೆಗಳೆಲ್ಲವೂ ಒಳ್ಳೆಯವೆಂದು ನಾನು ವಕಾಲತ್ತು ಹಾಕುತ್ತಿಲ್ಲ. ಹಾಕಲು ಸಾಧ್ಯವೂ ಇಲ್ಲ. ಅಲಬಾಮಾ ರಾಜ್ಯದ ಬರ್ಮಿಂಗ್‌ಹ್ಯಾಮಿನಲ್ಲಿ ಸ್ಲಾಸ್ ಫರ್ನೇಸಸ್ ಇದೆ. 1882ರಲ್ಲಿ ಕಬ್ಬಿಣ ತೆಗೆಯಲು ಶುರುಮಾಡಿ 1971ರಲ್ಲಿ ನಿಂತ ಊದುಕುಲುಮೆಗಳು. 1981ರಲ್ಲಿ ರಾಷ್ಟ್ರೀಯ ಹೆಗ್ಗುರುತೆಂದು ಘೋಷಣೆಯಾಗಿ, 1983ರಿಂದ ಮ್ಯೂಸಿಯಂ ಆಗಿದೆ. ಅಲ್ಲಿ ಅತಿ ಬಿಸಿಯ, ಅತಿ ಅಪಾಯದ ಕೆಲಸಗಳು ಕಪ್ಪು ಜನರ ಪಾಲಿಗಿದ್ದವು. ಸ್ನಾನದ ಮನೆಗಳೂ ಬೇರೆ ಬೇರೆ. ಕುಲುಮೆಗೆ ಕಲ್ಲಿದ್ದಲು ಒದಗಿಸಿದ ಗಣಿಗಳಲ್ಲಿ ಕಂಪನಿ ಬಾಡಿಗೆಗೆ ಪಡೆದ ಕೈದಿಗಳನ್ನು ದುಡಿಸಿಕೊಂಡಿತು. ಸಣ್ಣಪುಟ್ಟ ನೆಪಗಳಲ್ಲಿ ಹಿಡಿದ ಕಪ್ಪು ಗಂಡಸರೇ ಅವರಲ್ಲಿ ಬಹುಪಾಲು. ಕೈದಿಗಳನ್ನು ಬಾಡಿಗೆಗೆ ಕೊಡುವ ಪದ್ಧತಿಯನ್ನು ಅಲಬಾಮಾ ಬಿಟ್ಟಿದ್ದು 1928ರಲ್ಲಿ. ಅಮೆರಿಕದಲ್ಲಿ ಎಲ್ಲರಿಗಿಂತ ಕೊನೆಗೆ.

ಇದೇ ಅಂಗಳದಲ್ಲಿ ವರ್ಷಗಟ್ಟಲೆ ಹ್ಯಾಲೋವೀನ್ ದಿನಗಳಲ್ಲಿ ಸ್ಲಾಸ್ ಫ್ರೈಟ್ ಫರ್ನೇಸ್ ಎಂಬ ಭೂತಬಂಗಲೆ ನಡೆಯಿತು. ಅದಕ್ಕೊಂದು ಕತೆ: ಕ್ರೂರಿಯಾದ ಒಬ್ಬ ಮೇಸ್ತ್ರಿ, ಅವನ ಹೆಸರು ಸ್ಲ್ಯಾಗ್, ಕುಲುಮೆಗೆ ಬಿದ್ದು ಸತ್ತು ದೆವ್ವವಾಗಿ ಅಲೆಯುತ್ತಾನೆ. ಆ ಮೇಸ್ತ್ರಿ ಕಟ್ಟುಕತೆಯವನು. ನಿಜವಾಗಿ ಸುಟ್ಟುಹೋದವರು, ಉಸಿರುಗಟ್ಟಿದವರು, ಗಣಿಯಲ್ಲಿ ಸತ್ತ ಕೈದಿಗಳು ಇದ್ದರು. ಅವರ ಜಾಗದಲ್ಲಿ ಒಬ್ಬ ಕಾಲ್ಪನಿಕ ಮೇಸ್ತ್ರಿ ಕಾಡುವ ಹಕ್ಕು ಪಡೆದುಕೊಂಡ. ಸತ್ತ ಮೇಲೂ ಕಾಣಿಸಿಕೊಳ್ಳುವ ಅವಕಾಶ ಮೇಸ್ತ್ರಿಗೇ! ಇದನ್ನು ನಾನು ಶ್ರಮದ ಅವಮಾನ ಎನ್ನುತ್ತೇನೆ, ಯಾವ ಹಿಂಜರಿಕೆಯೂ ಇಲ್ಲದೆ. ಆದರೆ ಗಮನಿಸಬೇಕಾದ್ದು ಇನ್ನೊಂದಿದೆ. ಅದೇ ಸ್ಲಾಸ್‌ನಲ್ಲಿ ಲೋಹಕಲೆಯ ಕಾರ್ಯಾಗಾರವೂ ಇದೆ, ಬೀಡು ಕಬ್ಬಿಣದ ಕಲಾವಿದರು ದೇಶದ ಎಲ್ಲ ಕಡೆಯಿಂದ ಬಂದು ಎರಕ ಹೊಯ್ದಿದ್ದಾರೆ, ಮ್ಯೂಸಿಯಂ ಕಪ್ಪು ಕಾರ್ಮಿಕರ ಕತೆಯನ್ನೂ ಹೇಳುತ್ತದೆ. ಒಂದೇ ಅಂಗಳ, ಒಂದೇ ಹಬ್ಬ, ಒಂದೇ ಟಿಕೆಟ್ಟಿನ ಕಿಟಕಿ ಇದ್ದರೂ ಒಂದು ಸಂಜೆ ಕೆಲಸವನ್ನು ಮುಚ್ಚಿಡಬಹುದು, ಇನ್ನೊಂದು ಬಿಚ್ಚಿ ತೋರಿಸಬಹುದು. ಹಾಗಾಗಿ ಪ್ರದರ್ಶನ ಸರಿಯೋ ತಪ್ಪೋ ಎನ್ನುವ ಪ್ರಶ್ನೆಯೇ ಮೊಂಡು. ಏನನ್ನು ಪ್ರದರ್ಶಿಸುತ್ತಿದ್ದೀರಿ, ಮರುದಿನ ಆ ಬಾಗಿಲು ಯಾರಿಗೆ ತೆರೆದಿರುತ್ತದೆ ಎಂದು ಕೇಳಬೇಕು.

ಈ ಎರಡನೇ ಪ್ರಶ್ನೆಯನ್ನು ಸ್ಟೀಲ್ ಯಾರ್ಡಿಗೂ ಕೇಳಬೇಕು, ಕೇಳುತ್ತೇನೆ. ತರಗತಿಗಳಿಗೆ ಶುಲ್ಕವಿದೆ. ವಿದ್ಯಾರ್ಥಿವೇತನದಲ್ಲಿ ಬದುಕುವ ನನ್ನಂಥವರು ಎರಡು ಸಲ ಯೋಚಿಸುವಷ್ಟಿದೆ. ನೆರವಿನ ದಾರಿಗಳಿವೆ. ಆದರೂ ನದಿಯ ಆ ಬದಿಯ ಓಲ್ನಿವಿಲ್ಲಿನಲ್ಲಿ ಸ್ಪ್ಯಾನಿಷ್ ಮಾತಾಡುತ್ತ ಎರಡು ಪಾಳಿ ದುಡಿಯುವವರ ಮಕ್ಕಳು ಬೇಲಿಯ ಈಚೆ ಎಷ್ಟು ಜನ, ಆಚೆ ಎಷ್ಟು ಜನ ಎನ್ನುವುದನ್ನು ಪ್ರತಿ ವರ್ಷ ಎಣಿಸಬೇಕಾದ ಹೊಣೆ ಆ ಸಂಸ್ಥೆಯದು. ಕಲಾವಿದರು ಬಂದ ಕಡೆ ಬಾಡಿಗೆ ಏರುತ್ತದೆ ಎನ್ನುವುದೂ ಹಾರಿಸಿಬಿಡಬಹುದಾದ ಮಾತಲ್ಲ. ನನ್ನ ಗೆಳೆಯರು ಈ ಪ್ರಶ್ನೆಗಳನ್ನು ಹಿಡಿದು ಹೋಗಿ ಜಗಳವಾಡಿದರೆ ನಾನೂ ಜೊತೆಗೆ ಹೋಗುತ್ತೇನೆ. ಅವರು ಹಾಗೆ ಮಾಡುತ್ತಿಲ್ಲ. ಒಲೆಗೇ ನೀರು ಹಾಕಬೇಕು ಎನ್ನುತ್ತಿದ್ದಾರೆ.

ಇನ್ನೂ ಒಂದು ಎಚ್ಚರಿಕೆ, ಇದು ನಮ್ಮೂರಿಗೆ ಸಂಬಂಧಿಸಿದ್ದು. ಭದ್ರಾವತಿಯಲ್ಲಿ 1923ರ ಜನವರಿಯಲ್ಲಿ ಕಬ್ಬಿಣ ಹರಿಯಿತು. ಸರಿಯಾಗಿ ನೂರು ವರ್ಷಕ್ಕೆ, 2023ರ ಜನವರಿಯಲ್ಲಿ, ವಿಶ್ವೇಶ್ವರಯ್ಯನವರ ಹೆಸರಿನ ಆ ಕಾರ್ಖಾನೆಯನ್ನು ಮುಚ್ಚಲು ಸೈಲ್ ಆಡಳಿತ ಮಂಡಳಿ ತೀರ್ಮಾನಿಸಿತು. ಗುತ್ತಿಗೆ ಕಾರ್ಮಿಕರು ಬೀದಿಗಿಳಿದು ಹೋರಾಡಿದರು. ಇಂಥ ಹೊತ್ತಿನಲ್ಲಿ ಯಾರಾದರೂ ಎದ್ದುನಿಂತು, ಪ್ರಾವಿಡೆನ್ಸಿನಲ್ಲಿ ನೋಡಿ ಎಷ್ಟು ಚೆನ್ನಾಗಿ ಮಾಡಿದ್ದಾರೆ, ನಾವೂ ಮ್ಯೂಸಿಯಂ ಮಾಡೋಣ, ಬೆಳಕಿನ ಪ್ರದರ್ಶನ ಇಡೋಣ ಎಂದರೆ ಅವರನ್ನು ನಂಬಬೇಡಿ. ಉರಿಯುತ್ತಿರುವ ಕುಲುಮೆಯನ್ನು ಆರಿಸುವುದಕ್ಕೆ ಸಮುದಾಯ ಕಾರ್ಯಾಗಾರ ನೆಪವಾಗಕೂಡದು. ಸತ್ತ ಕಾರ್ಖಾನೆಯ ಅಂಗಳದಲ್ಲಿ ಕಲಿಕೆಯ ಒಲೆ ಹೊತ್ತಿಸುವುದು ಒಂದು ಕೆಲಸ, ಬದುಕಿರುವ ಕಾರ್ಖಾನೆಯನ್ನು ಕೊಂದು ಅಲ್ಲಿ ಹಣತೆ ಹಚ್ಚುವುದು ಇನ್ನೊಂದು. ಸಂಬಳಕ್ಕೆ ಸಂಜೆ ಬದಲಿಯಾಗುವುದಿಲ್ಲ.

ಆದರೆ ನಮ್ಮಲ್ಲಿನ ಅಪಾಯ ಇದಕ್ಕಿಂತ ಹಳೆಯದು. ನಮಗೆ ಶ್ರಮವನ್ನು ನೋಡಿಯೇ ಗೊತ್ತಿಲ್ಲ. ಆಯುಧಪೂಜೆಯ ದಿನ ಎಷ್ಟೋ ಕಾರ್ಖಾನೆಗಳಲ್ಲಿ ಕಾರ್ಮಿಕರ ಮನೆಯವರನ್ನು ಒಳಗೆ ಬಿಡುತ್ತಾರೆ. ಮಕ್ಕಳು ಹೊಸ ಬಟ್ಟೆ ಹಾಕಿಕೊಂಡು ಹೋಗುತ್ತಾರೆ, ಕುಂಬಳಕಾಯಿ ಒಡೆಯುತ್ತಾರೆ, ಲೇತಿಗೆ ಚೆಂಡುಹೂವಿನ ಹಾರ, ಮೈಗೆಲ್ಲ ವಿಭೂತಿ ಕುಂಕುಮ, ಕೈಗೆ ಬೂಂದಿ ಕಡ್ಲೆಪುರಿ ಪೊಟ್ಟಣ. ನಮ್ಮ ಪಾಲಿನ ಸಾರ್ವಜನಿಕ ಸಂಜೆ ಅದೇ. ನನಗೆ ಆ ಹಬ್ಬ ಇಷ್ಟ. ಆದರೆ ಆ ದಿನ ಯಂತ್ರ ನಿಂತಿರುತ್ತದೆ. ಒಲೆ ತಣ್ಣಗಿರುತ್ತದೆ. ಅಪ್ಪ ಇಸ್ತ್ರಿ ಮಾಡಿದ ಅಂಗಿಯಲ್ಲಿರುತ್ತಾನೆ. ಮಗು ಯಂತ್ರವನ್ನು ನೋಡುತ್ತದೆ, ಅಪ್ಪನನ್ನು ನೋಡುತ್ತದೆ, ಅಪ್ಪ ಯಂತ್ರದ ಜೊತೆ ಏನು ಮಾಡುತ್ತಾನೆ ಎಂಬುದನ್ನು ನೋಡುವುದಿಲ್ಲ. ಉಪಕರಣಕ್ಕೆ ಕೈಮುಗಿಯುವುದನ್ನು ನಾವು ಕಲಿಸುತ್ತೇವೆ, ಉಪಕರಣಕ್ಕೆ ಕೈ ಹಾಕುವುದನ್ನು ಕಲಿಸುವುದಿಲ್ಲ. ಪ್ರಾವಿಡೆನ್ಸಿನ ಸಂಜೆಯಲ್ಲಿ ಪೂಜೆ ಇಲ್ಲ, ಕೆಲಸ ಇದೆ. ಎರಡರಲ್ಲಿ ಹೆಚ್ಚು ಗೌರವದ್ದು ಯಾವುದೆಂದು ನೀವೇ ಹೇಳಿ.

ಕೈ ಹಾಕಲು ಬಿಡದಿರುವುದಕ್ಕೆ ನಮ್ಮಲ್ಲಿ ಇನ್ನೊಂದು ಕಾರಣವೂ ಇದೆ, ಅದರ ಹೆಸರು ಜಾತಿ. ಅಂಬಿಗರ ಚೌಡಯ್ಯ, ನುಲಿಯ ಚಂದಯ್ಯ, ಮೇದರ ಕೇತಯ್ಯ ಎಂದು ಕಾಯಕವನ್ನೇ ಹೆಸರಿನ ಮುಂದಿಟ್ಟುಕೊಂಡು ತಲೆಯೆತ್ತಿ ನಡೆದ ಒಂದು ಕಾಲ ನಮಗಿತ್ತು. ಆದರೆ ಕಸುಬು ಹೆಸರಿಗೆ ಅಂಟಿಕೊಂಡೇ ಉಳಿಯಿತು, ಕೈಯಿಂದ ಕೈಗೆ ಹೋಗಲಿಲ್ಲ. ಕುಲುಮೆ ಇರುವುದು ಕಮ್ಮಾರರ ಕೇರಿಯಲ್ಲಿ, ಚರ್ಮ ಇನ್ನೊಂದು ಕೇರಿಯಲ್ಲಿ, ಮಣ್ಣು ಮತ್ತೊಂದರಲ್ಲಿ. ಕೇರಿಯೊಳಗೆ ಹುಟ್ಟಿದವರು ಬಿಡಿಸಿಕೊಂಡು ಓಡಬೇಕು, ಹೊರಗೆ ಹುಟ್ಟಿದವರು ಹತ್ತಿರ ಸುಳಿಯಬಾರದು. ಲೈಬ್ರರಿಯಲ್ಲಿ ಕೆಲಸ ಮಾಡುವ ಹೆಂಗಸು, ನಿವೃತ್ತ ನರ್ಸು, ಶಾಲೆ ಬಿಟ್ಟ ಹುಡುಗ ಒಂದೇ ಅಡಿಗಲ್ಲಿನ ಸುತ್ತ ನಿಂತು ಸುತ್ತಿಗೆ ಎತ್ತುವುದನ್ನು ನಾನು ಸ್ಟೀಲ್ ಯಾರ್ಡಿನಲ್ಲಿ ಕಂಡೆ. ಅಲ್ಲಿ ಗೋಡೆಯಿದೆ, ದುಡ್ಡಿನದು, ಬಣ್ಣದ್ದು, ಭಾಷೆಯದು. ಆದರೆ ‘ಇದು ನಿನ್ನ ಕುಲದ ಕೆಲಸವಲ್ಲ’ ಎಂಬ ಮಾತನ್ನು ಅಡಿಗಲ್ಲಿನ ಬಳಿ ಯಾರೂ ಆಡಲಿಲ್ಲ. ನಮಗೆ ಇಂಥ ಜಾಗಗಳು ಅಮೆರಿಕದವರಿಗಿಂತ ಹೆಚ್ಚು ಬೇಕಾಗಿರುವುದು ಈ ಕಾರಣಕ್ಕೆ.

ನೋಡದವರು ಕಟ್ಟುಕತೆಯನ್ನು ನಂಬುತ್ತಾರೆ. ಕೋಲಾರದ ಚಿನ್ನದ ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿದ್ದ ಗಣಿ ಅದು. ಸಯನೈಡ್ ಗುಡ್ಡೆಗಳು ಇಂದಿಗೂ ಅಲ್ಲಿವೆ, ಗಾಳಿ ಬೀಸಿದಾಗ ಆ ದೂಳು ಮನೆಗಳ ಮೇಲೆ ಬರುತ್ತದೆ, ಬೆಳಗಾಗುವ ಮೊದಲೇ ಜನ ಕೆಲಸಕ್ಕೆಂದು ಬೆಂಗಳೂರಿನ ರೈಲು ಹತ್ತುತ್ತಾರೆ. ಆದರೆ ಕೆಜಿಎಫ್ ಎಂದಾಗ ಈಗ ದೇಶಕ್ಕೆಲ್ಲ ನೆನಪಾಗುವುದು 2018ರ ಮತ್ತು 2022ರ ಎರಡು ಸಿನಿಮಾಗಳು, ಅವುಗಳ ನರಾಚಿ ಎಂಬ ಕಾಲ್ಪನಿಕ ಗಣಿ, ಅದರ ನಾಯಕ. ಸಿನಿಮಾ ಮಾಡಬಾರದೆಂದು ಯಾರೂ ಹೇಳುವುದಿಲ್ಲ. ಆದರೆ ನಿಜವಾದ ಗಣಿಯನ್ನು, ಬೋನಿನಲ್ಲಿ ಕೆಳಗಿಳಿದವನ ನಿಜವಾದ ದಿನವನ್ನು ಜನ ಒಂದು ಸಲವಾದರೂ ನೋಡಿದ್ದಿದ್ದರೆ, ಸಿನಿಮಾ ಸಿನಿಮಾದ ಜಾಗದಲ್ಲಿರುತ್ತಿತ್ತು. ಬರ್ಮಿಂಗ್‌ಹ್ಯಾಮಿನ ಮೇಸ್ತ್ರಿಯ ದೆವ್ವದಂತೆ ನಿಜವಾಗಿ ಸತ್ತವರ ಮೇಲೆ ಕೂರುತ್ತಿರಲಿಲ್ಲ. ಶ್ರಮವನ್ನು ಕಣ್ಣಿಂದ ಮರೆಮಾಡಿದರೆ ಅದರ ಘನತೆ ಉಳಿಯುತ್ತದೆ ಎಂದುಕೊಂಡವರು ಇದಕ್ಕೆ ಉತ್ತರ ಹೇಳಬೇಕು.

ಕೊನೆಯದಾಗಿ ಸಾಹಿತ್ಯದವರಾದ ನಮಗೆ ನಾಲ್ಕು ಮಾತು. ನಾವು ಬಳಸುವ ಮಾತುಗಳನ್ನೇ ನೋಡಿ. ಕಾವ್ಯವನ್ನು ಎರಕ ಹೊಯ್ಯುತ್ತೇವೆ, ಅನುಭವದ ಕುಲುಮೆ ಎನ್ನುತ್ತೇವೆ, ಭಾಷೆಯನ್ನು ಹದ ಮಾಡುತ್ತೇವೆ, ವಿಮರ್ಶೆಯ ಒರೆಗಲ್ಲಿಗೆ ಹಚ್ಚುತ್ತೇವೆ. ನಮ್ಮ ವಿಮರ್ಶೆಯ ಅರ್ಧ ಪದಕೋಶ ಕಮ್ಮಾರರಿಂದ, ಅಕ್ಕಸಾಲಿಗರಿಂದ ತಂದ ಸಾಲ. ತಿದಿ ಒತ್ತುವುದನ್ನು ನೋಡಿದವರು ನಮ್ಮಲ್ಲಿ ಎಷ್ಟು ಜನ? ಎರಕದಲ್ಲಿ ಕಿಟ್ಟ ತೆಗೆಯದಿದ್ದರೆ ಏನಾಗುತ್ತದೆಂದು ತಿಳಿದವರು? ಶ್ರಮ ಸಂಸ್ಕೃತಿಯ ಬಗ್ಗೆ ಗೋಷ್ಠಿ ನಡೆಯುತ್ತದೆ, ಏಸಿ ಸಭಾಂಗಣದಲ್ಲಿ. ಶಾಲು ಹಾರ ಆಗುತ್ತದೆ. ಬೆವರಿನ ಬಗ್ಗೆ ಪ್ರಬಂಧ ಓದಿದವರು ಬೆವರದೆ ಮನೆಗೆ ಹೋಗುತ್ತಾರೆ. ಬೆಳಗಾವಿಯಲ್ಲಿ ಅಷ್ಟೊಂದು ಫೌಂಡ್ರಿಗಳಿವೆ, ಒಂದರ ಅಂಗಳದಲ್ಲಾದರೂ ಗೋಷ್ಠಿ ಇಟ್ಟುಕೊಳ್ಳಲು ಏನಡ್ಡಿ? ಮೊದಲ ಭಾಷಣ ಮೋಲ್ಡರನದ್ದಾಗಲಿ, ನಾವು ಕೇಳಿಸಿಕೊಳ್ಳುವ ಸಾಲಿನಲ್ಲಿ ಕೂರೋಣ.

ಇದಕ್ಕೆ ಅಮೆರಿಕದ ಮೂರೂವರೆ ಎಕರೆ ಬೇಕಾಗಿಲ್ಲ. ತಾಲ್ಲೂಕು ತಾಲ್ಲೂಕಿನಲ್ಲಿ ಐಟಿಐಗಳಿವೆ. ವೆಲ್ಡಿಂಗ್ ಇದೆ, ಫಿಟ್ಟರ್ ಇದೆ, ಟರ್ನರ್ ಇದೆ, ಕಲಿಸುವವರಿದ್ದಾರೆ. ಸಂಜೆಯಾದರೆ ಬೀಗ ಬೀಳುತ್ತದೆ. ತಿಂಗಳಿಗೊಂದು ಸಂಜೆ ಆ ಬೀಗ ತೆಗೆಯಲಿ. ಯಂತ್ರ ಓಡುತ್ತಿರಲಿ. ಎದುರಿನ ಹೈಸ್ಕೂಲಿನ ಹುಡುಗಿಯರು, ಬಸ್‌ಸ್ಟ್ಯಾಂಡಿನ ಅಂಗಡಿಯವರು, ಕಾಲೇಜಿನ ಕನ್ನಡ ವಿಭಾಗದವರು ಬಂದು ನಿಲ್ಲಲಿ. ಥೀಮ್ ಬೇಕೆಂದರೆ ಇಟ್ಟುಕೊಳ್ಳಿ: ಒಂದು ಸಂಜೆ ಕುಡುಗೋಲು, ಒಂದು ಸಂಜೆ ಸೈಕಲ್ಲು, ಒಂದು ಸಂಜೆ ಹಿತ್ತಾಳೆ ಪಾತ್ರೆಯ ಬೆಸುಗೆ. ಡೊಳ್ಳು ಇರಲಿ, ಮಂಡಕ್ಕಿ ಮೆಣಸಿನಕಾಯಿ ಇರಲಿ, ಹತ್ತು ರೂಪಾಯಿ ಟಿಕೆಟ್ಟೂ ಇರಲಿ, ಆ ದುಡ್ಡು ಕಲಿಸಿದವರ ಕೈಗೆ ಹೋಗಲಿ. ಷರತ್ತು ಒಂದೇ: ನೋಡಿ ಹೋದವರಲ್ಲಿ ಯಾರಾದರೂ ಮರುದಿನ ಬಂದು ‘ನನಗೂ ಕಲಿಸಿ’ ಎಂದರೆ, ಅಪ್ಪನ ಹೆಸರೇನು, ಯಾವ ಪೈಕಿ ಎಂದು ಕೇಳದೆ ಕೈಗೆ ಗ್ಲೌಸು, ಕಣ್ಣಿಗೆ ಕನ್ನಡಕ ಕೊಟ್ಟು ಒಳಗೆ ಕರೆದುಕೊಳ್ಳಬೇಕು.

ಅದು ಜಾತ್ರೆಯಾಗಿಬಿಡುತ್ತದಲ್ಲ ಎಂದು ನನ್ನ ಗೆಳೆಯರು ಮುಖ ಸಿಂಡರಿಸಬಹುದು. ಆಗಲಿ. ಜಾತ್ರೆಗೆ ಊರೆಲ್ಲ ಬರುತ್ತದೆ. ಸೆಮಿನಾರಿಗೆ ನಾವು ಹನ್ನೆರಡು ಜನ ಬರುತ್ತೇವೆ, ಅದರಲ್ಲಿ ನಾಲ್ವರು ಊಟಕ್ಕೆ.